ಟಂಕಸಾಲೆಯ ಚಿಕ್ಕಪ್ಪ

ಕಾಸಿದ ಬೆಳ್ಳಿಯನ್ನು ಹುಣಿಸೆನೀರಿಗೆ ಅದ್ದಿದಾಗ ಏಳುವ ಹುಳಿ ವಾಸನೆ ಮೂಗಿಗೆ ಬಡಿದರೆ, ಚಿಕ್ಕಪ್ಪ ಬಾಯಿ ತೆರೆದು ನಿಂತದ್ದು ಈಗಲೂ ನೆನಪಾಗುತ್ತದೆ.

ಆ ಮಧ್ಯಾಹ್ನ ಅವನು ಪಟ್ಟಣದಿಂದ ನಾಗಮಂಗಲದ ನಮ್ಮ ಮನೆಗೆ ಬಂದಿದ್ದ. ನಾಣ್ಯ ಅಚ್ಚು ಹಾಕುವ ಟಂಕಸಾಲೆಯಲ್ಲಿ ಅವನಿಗೆ ಕೆಲಸ. ಊಟದ ಹೊತ್ತನ್ನು ಮಾತ್ರ ಎಂದೂ ತಪ್ಪಿಸಿದವನಲ್ಲ. ಮಾತುಮಾತಿಗೂ ಜರಿ ರುಮಾಲು ಸರಿಮಾಡಿಕೊಳ್ಳುತ್ತಿದ್ದ.

"ಬಂದ್ಬುಡಣ್ಣ. ಹೊಗೆ ಕುಡ್ಕೊಂಡು ಗಿರಾಕಿ ದಾರಿ ಕಾಯೋದೂ ಒಂದು ಬಾಳಾ? ಅಲ್ಲಿ ತಿಂಗಳು ತುಂಬುತ್ಲೂ ಸಂಬಳ," ಎಂದ, ಅಕ್ಕಸಾಲಿಗನಾದ ನನ್ನ ಅಪ್ಪನಿಗೆ.

ಯುದ್ಧದ ಕಾಲ, ಒಡವೆ ಮಾಡಿಸುವವರೇ ಇರಲಿಲ್ಲ. ಅಪ್ಪ ಅಗ್ಗಿಷ್ಟಿಕೆ ಆರಿಸಿದ. ಅಮ್ಮ ಇಕ್ಕಳ, ಸುತ್ತಿಗೆ, ಊದುಗೊಳವೆಗಳನ್ನು ಒರೆಸಿ, ಓರಣವಾಗಿ ಜೋಡಿಸಿ ಗಂಟು ಕಟ್ಟಿದಳು. ಅಪ್ಪ ಅದನ್ನು ಎತ್ತಿಕೊಂಡ.

ಮುಂದೆ ಹೊರಟ ಚಿಕ್ಕಪ್ಪ ಹೊಸ್ತಿಲಲ್ಲಿ ತಟ್ಟನೆ ನಿಂತ. ರುಮಾಲು ತೆಗೆದು, ಜುಟ್ಟು ಬಿಚ್ಚಿ ಕೊಡವಿದ. ಎರಡೂ ತೋಳೆತ್ತಿ, ನಾಲಿಗೆ ಚಾಚಿ, ಬಾಯಿ ಅಗಲಿಸಿದ.

ಅಜ್ಜಿ ನಕ್ಕುಬಿಟ್ಟಳು. "ಇದೇನ್ಲಾ, ಸಂತೆ ಎತ್ತು ಹಲ್ಲು ತೋರ್ಸ್ದಂಗೆ?"

"ಅಭ್ಯಾಸ ಕಣವ್ವ," ಎಂದ ಚಿಕ್ಕಪ್ಪ ಗಡಿಬಿಡಿಯಲ್ಲಿ ಜುಟ್ಟು ಕಟ್ಟಿಕೊಂಡ. "ಟಂಕಸಾಲೆ ಬಾಗ್ಲಲ್ಲಿ ದಿನಾ ಆಚೆ ಬುಡೋವಾಗ ನೋಡ್ತಾರೆ, ಚಿನ್ನ ಏನಾರ ಬಚ್ಚಿಟ್ಕೊಂಡವ್ರಾ ಅಂತ."

"ಸಂಬಳಾನೂ ಕೊಟ್ಟು ಕಳ್ಳ ಅಂತಾನೂ ಅಂತಾರಾ? ಒಳ್ಳೆ ಚಾಕ್ರಿ ಬುಡು!" ಎಂದಳು ಅಜ್ಜಿ.

ಅಪ್ಪ ಗಂಟು ಇಳಿಸಿ ಊದುಗೊಳವೆ ಹೊರತೆಗೆದ.

"ನನ್ನ ಬಾಯಿ ಇರೋದು ಇದನ್ನ ಊದಕ್ಕೆ ಕಣ್ಲಾ. ನೀನು ಓಗು."

ಕೆಂಡ ಮತ್ತೆ ಹೊತ್ತಿತು. ಮಾಡಲು ಯಾವ ಗಿರಾಕಿಯ ಕೆಲಸವೂ ಇರಲಿಲ್ಲ. ಅಪ್ಪ ನನ್ನನ್ನು ಹತ್ತಿರ ಕರೆದು, ಕಾಲಿನಲ್ಲಿದ್ದ ಕಪ್ಪಿಟ್ಟ ಬೆಳ್ಳಿ ಕಡಗ ಬಿಚ್ಚಿಸಿಕೊಂಡು, ಕಾಸಿ ಹುಣಿಸೆನೀರಿಗೆ ಅದ್ದಿದ.