ಹಣ್ಣಿನ ವಾಸನೆ

ಮಲಗಿದ್ದ ಲುಂಬಿನಿಯ ಬಾಯಿಂದ ಮಾಗಿದ ಹಣ್ಣಿನ ವಾಸನೆ ಬರುತ್ತಿತ್ತು. "ಔಷಧ ಕೆಲಸ ಮಾಡ್ಲಿಕತ್ತದ ನೋಡವ್ವ. ನಾಟಿ ವೈದ್ಯ ಹೇಳಿದ್ನಲ್ಲ, ಸೂಜಿ ಬಿಟ್ರ ಇನ್ಸುಲಿನ್ ಮೈಯಾಗೇ ಊರ್ತದಂತ," ಎಂದಳು ಅಜ್ಜಿ ಮಾಣಿಕಮ್ಮ, ಸೊಸೆಯ ಕಡೆ ತಿರುಗಿ.

ಸುಜಾತಾ ಮಗಳ ಮುಖಕ್ಕೆ ಬಾಗಿದಳು. ಹುಡುಗಿ ಏದುಸಿರು ಬಿಡುತ್ತಿದ್ದಳು. ಕರೆದರೆ ಕಣ್ಣು ತೆರೆಯಲಿಲ್ಲ. ಹೋದ ವರ್ಷ ಸಕ್ಕರೆ ಕಾಯಿಲೆ ಎಂದು ಗೊತ್ತಾಗುವ ಮೊದಲು, ಎಚ್ಚರ ತಪ್ಪಿದ ಇವಳನ್ನು ಚಿಂಚೋಳಿಯಿಂದ ಕಲಬುರಗಿಗೆ ಒಯ್ಯುವಾಗ ಜೀಪಿನ ತುಂಬ ಇದೇ ವಾಸನೆಯಿತ್ತು.

"ಇಲ್ರಿ ಅತ್ತಿ, ಇದು ಆವತ್ತಿನ ವಾಸನಿ," ಎಂದವಳೇ ಮೂಲೆಯ ಮಣ್ಣಿನ ಗಡಿಗೆಗೆ ಕೈ ಹಾಕಿದಳು. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಬಾಟಲಿ ತಣ್ಣಗಿರುತ್ತಿದ್ದುದು ಅದರಲ್ಲೇ. ಕೈಗೆ ಹತ್ತಿದ್ದು ನೆನೆದ ಬೇವಿನೆಲೆ. ವೈದ್ಯನ ಮಾತು ನಂಬಿ ಮೊನ್ನೆ ಬಾಟಲಿಯನ್ನು ತಿಪ್ಪೆಗೆ ಎಸೆದು, ಆ ಎಲೆ ನೆನೆಹಾಕಿದವಳು ಸ್ವತಃ ಸುಜಾತಾಳೇ.