ಹಲಗೆಯ ಐದನೆಯ ಸಾಲು

ನಾಲ್ಕು ಸಾಲು ಬರೆದು ಗ್ರಂಥಪಾಲಕ ಕೈ ಇಳಿಸಿದ. ಐದನೆಯದಕ್ಕೆ ಸೀಮೆಸುಣ್ಣ ಏಳಲಿಲ್ಲ.

ವಾಚನಾಲಯದ ಬಾಗಿಲ ಪಕ್ಕದ ಕರಿಹಲಗೆ ಅದು. ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂದಿದೆ. ಕೆಳಗೆ ದಿನಾ ಬೆಳಿಗ್ಗೆ ಅವನ ಕೈಬರಹ. ಇವತ್ತಿನ ತಾರೀಖಿಗೆ ಒಬ್ಬ ರಾಜ ಪಟ್ಟ ಬಿಟ್ಟಿದ್ದ, ಒಂದು ಹಡಗು ಮುಳುಗಿತ್ತು, ಒಂದು ದೇಶ ಬಿಡುಗಡೆ ಕಂಡಿತ್ತು, ಯಾರೋ ಒಂದು ರೋಗಕ್ಕೆ ಮದ್ದು ಕಂಡುಹಿಡಿದಿದ್ದರು.

“ಏನಪ್ಪಾ, ಇವತ್ತು ಒಬ್ಬನೇ ರಾಜನಾ? ನಿನ್ನೆ ಮೂರು ಜನ ಬಿದ್ದಿದ್ರು,” ಎಂದ ಪೇಪರ್ ತಾತ. ಬಾಗಿಲು ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂರುವ ಆಸಾಮಿ.

“ಇನ್ನೊಂದು ಇದೆ ತಾತ.”

“ಇದ್ರೆ ಬರಿ. ಚಾಕ್‌ಪೀಸ್ ಏನು ನಿಮ್ಮಪ್ಪನ ಆಸ್ತಿಯಾ?”

ಆ ಇನ್ನೊಂದು ಈ ಊರಿನದೇ. ಬಹಳ ವರ್ಷದ ಹಿಂದೆ ಇದೇ ತಾರೀಖು, ಊರಾಚೆಯ ರೈಲ್ವೆ ಗೇಟಿನಲ್ಲಿ ಬಸ್ಸಿಗೆ ರೈಲು ಬಡಿದು ಒಂಬತ್ತು ಜನ ಸತ್ತಿದ್ದರು. ಗೇಟು ತೆರೆದೇ ಇತ್ತು. ಗೇಟ್‌ಮ್ಯಾನ್ ಈ ಗ್ರಂಥಪಾಲಕನ ಅಣ್ಣ.

“ಚಕ್ರ ತಿರುಗಿಸಿ ಗೇಟು ಇಳಿಸಿದ್ದೆ ಕಣೋ. ನೀರು ಕುಡಿಯೋಕೆ ಒಳಗೆ ಹೋದೆ, ಅಷ್ಟೇ,” ಎಂದಿದ್ದ ಅಣ್ಣ. ಹೇಳುತ್ತಲೇ ಇದ್ದ. “ಸುಳ್ಳು ಹೇಳಿ ಶಿಕ್ಷೆ ಹೆಚ್ಚು ಮಾಡ್ಕೋಬೇಡ, ಒಪ್ಪಿಕೊಂಡುಬಿಡು,” ಎಂದು ಜೈಲಿನ ಕಂಬಿಯ ಈಚೆಯಿಂದ ಬುದ್ಧಿ ಹೇಳಿದವನು ತಮ್ಮನೇ. ಅಣ್ಣ ಒಪ್ಪಿಕೊಂಡ. ಹೊರಬಂದ ಮೇಲೆ ಯಾರಿಗೂ ಮುಖ ಕೊಡದೆ ಬದುಕಿ, ಹಾಗೆಯೇ ಸತ್ತ.

ಮನೆತನದ ಮಾನ ಎಂದುಕೊಂಡು ತಮ್ಮ ಆ ಸಾಲನ್ನು ಪ್ರತಿ ವರ್ಷ ನುಂಗಿಕೊಂಡ. ಊರೂ ಮರೆಯಿತು. ಒಬ್ಬಳನ್ನು ಬಿಟ್ಟು.

ಅವಳು ಸೊಪ್ಪಿನ ಗಾಡಿಯವಳು. ವರ್ಷಕ್ಕೊಮ್ಮೆ, ಇದೇ ದಿನ ಬರುತ್ತಿದ್ದಳು. ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಉದ್ದಕ್ಕೆ ಉಸಿರು ಬಿಟ್ಟು ಹೋಗುತ್ತಿದ್ದಳು. ಆ ಗೇಟನ್ನು ಅವಳು ತುಳಿಯುವುದಿಲ್ಲವಂತೆ; ಭಾರದ ಗಾಡಿ ತಳ್ಳಿಕೊಂಡು ಸೇತುವೆ ಸುತ್ತಿಯೇ ಮಾರುಕಟ್ಟೆಗೆ ಹೋಗುತ್ತಾಳಂತೆ. ಬಸ್ಸಿನಲ್ಲಿ ಅವಳ ಕರುಳಕುಡಿಯೇ ಇತ್ತೇನೋ. ಆ ಉಸಿರು ಗ್ರಂಥಪಾಲಕನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಲೋಕದ ಹೆಣಗಳನ್ನೆಲ್ಲ ಎಣಿಸಿ ಬರೆಯುವವನು ತನ್ನೂರಿನ ಒಂಬತ್ತನ್ನು ಬಚ್ಚಿಟ್ಟಿದ್ದ.

ಈ ವರ್ಷ ಆ ಸಾಲು ಬರೆಯುತ್ತೇನೆಂದು ಬೆಳಿಗ್ಗೆ ಅತ್ತಿಗೆಗೆ ಹೇಳಿಯೇ ಹೊರಟಿದ್ದ.

“ಬರೀರಿ. ಊರು ಮರೆತಿತ್ತು, ನೀವೇ ನೆನಪು ಮಾಡಿ,” ಎಂದಳು ಅವಳು, ತಟ್ಟೆ ತೊಳೆಯುತ್ತಲೇ. “ಸತ್ತವರು ಎದ್ದು ಬಂದು ಕೇಳ್ತಾರಾ? ಗೇಟು ಹಾಕಿದ್ದೆ ಅಂತ ನನ್ನ ಹತ್ರ ಕೊನೇವರೆಗೂ ಅಂದ್ರು ನಿಮ್ಮಣ್ಣ.”

“ಹಾಕಿದ ಗೇಟು ತಾನಾಗೇ ಮೇಲೆದ್ದಿತಾ ಅತ್ತಿಗೆ?”

“ನಂಗೇನು ಗೊತ್ತು? ನಾನೇನು ನಿಮ್ಮ ಹಾಗೆ ಓದಿದವಳಾ? ನಂಬಿದವಳು, ಅಷ್ಟೇ.”

ಆ ಮಾತು ಇನ್ನೂ ಕಿವಿಯಲ್ಲಿರುವಾಗಲೇ ಅವನು ಸೀಮೆಸುಣ್ಣ ಒತ್ತಿ ಬರೆದ: ‘ನಮ್ಮೂರಿನ ರೈಲ್ವೆ ಗೇಟಿನಲ್ಲಿ, ಗೇಟ್‌ಮ್ಯಾನ್ ಗೇಟು ಹಾಕದೆ ಹೋದದ್ದರಿಂದ, ಒಂಬತ್ತು ಜನ ತೀರಿಕೊಂಡರು.’

ಪೇಪರ್ ತಾತ ಓದಿದ. ಒಳಗೆ ಹೋಗಿ ಪೇಪರ್ ಬಿಡಿಸಿಕೊಂಡು ಕೂತ.

ಬಿಸಿಲೇರುವ ಹೊತ್ತಿಗೆ ಗಾಡಿ ಬಂತು. ಅವಳು ರಾಜನನ್ನು ಓದಿದಳು, ಹಡಗನ್ನು ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು. ಈ ಸಲ ಉಸಿರು ಬಿಡಲಿಲ್ಲ. ಗೋಡೆ ಹಿಡಿದುಕೊಂಡಳು.

ಗ್ರಂಥಪಾಲಕ ಮೇಜು ಬಿಟ್ಟು ಓಡಿಬಂದ. “ತಡವಾಯ್ತಮ್ಮ. ಮೊದಲೇ ಬರೀಬೇಕಿತ್ತು. ಅವನು ನನ್ನಣ್ಣ, ಅದಕ್ಕೇ ಕೈ ಬಂದಿರಲಿಲ್ಲ. ನಂದು ತಪ್ಪಾಯ್ತು.”

“ನಿಮ್ಮಣ್ಣನಾ?”

“ಹೌದು. ಬಸ್ಸಲ್ಲಿ ನಿಮ್ಮೋರು ಯಾರಿದ್ರು?”

“ಯಾರೂ ಇರಲಿಲ್ಲಪ್ಪ.” ಅವಳು ಮೆಟ್ಟಿಲ ಮೇಲೆ ಕೂತಳು. “ಬರೆದಿದ್ದಾರಾ ಅಂತ ನೋಡೋಕೆ ಬರ್ತಿದ್ದೆ. ಬರೆದಿರ್ತಿರಲಿಲ್ಲ. ಊರೇ ಮರೆತಿದೆ, ನಾನೂ ಮರೀಬಹುದು ಅಂದ್ಕೊಂಡು ಹೋಗ್ತಿದ್ದೆ. ಇವತ್ತು ಬರೆದಿದ್ದೀರಿ. ಆದ್ರೆ ತಪ್ಪು ಬರೆದಿದ್ದೀರಿ.”

“ಏನು ತಪ್ಪು? ಸತ್ತಿದ್ದು ಒಂಬತ್ತೇ ಜನ.”

“ಲೆಕ್ಕ ಸರಿ ಇದೆ,” ಎಂದಳು ಅವಳು, ತಲೆ ಎತ್ತದೆ. “ಆದ್ರೆ ನಿಮ್ಮಣ್ಣ ಗೇಟು ಹಾಕಿದ್ದ. ಮಾರ್ಕೆಟ್ಟಿಗೆ ಹೊತ್ತಾಯ್ತು ಅಂತ ಚಕ್ರ ತಿರುಗಿಸಿ ಎತ್ತಿ, ಗಾಡಿ ದಾಟಿಸಿಕೊಂಡು ಹೋದವಳು ನಾನು.”