ಸೋಲಬೇಕಾದ ಏಣಿ

"ದಯವಿಟ್ಟು ಒಂದೇ ಒಂದು ಸಲ ಸೋತುಬಿಡಿ, ಅಮ್ಮಾ," ಎಂದು ವೋಚರ್ ಯೋಜನೆಯ ಅಧಿಕಾರಿ ಕೈಮುಗಿದ. ಏಣಿ ಮಾಡುವ ಹೆಂಗಸು ಉಳಿಯನ್ನು ಕೆಳಗಿಟ್ಟು, ತನ್ನ ಕಿವಿಗೇನಾದರೂ ಆಯಿತೇ ಎಂಬಂತೆ ಅವನ ಮುಖ ನೋಡಿದಳು.

ಆ ಪ್ರಾಂತ್ಯದ ಸಣ್ಣಪುಟ್ಟ ಉದ್ದಿಮೆಗಳಿಗಾಗಿ ಯೋಜನೆ ರೂಪಿಸಿದವನು ಅವನೇ. ಹೊಸದೇನನ್ನಾದರೂ ಮಾಡಹೊರಟ ಹತ್ತು ಜನಕ್ಕೆ ಒಂದೊಂದು ವೋಚರ್. ಅದನ್ನು ತೋರಿಸಿದರೆ ತಾಂತ್ರಿಕ ಕಾಲೇಜಿನ ತಜ್ಞರ ಸಲಹೆ, ಯಂತ್ರ ಎಲ್ಲ ಪುಕ್ಕಟೆ. ಈಕೆ ಅದರಿಂದಲೇ, ಒಂದು ಕಾಲನ್ನು ಗಿಡ್ಡ ಮಾಡಿಕೊಂಡು ಮೆಟ್ಟಿಲಿನ ಮೇಲೂ ಅಲುಗದೆ ನಿಲ್ಲುವ ಏಣಿ ಮಾಡಿದ್ದಳು. ಕಾಲೇಜಿನವರು ಆರು ಮೂಟೆ ಮರಳು ನೇತುಹಾಕಿ ನೋಡಿದ್ದರು. ಏಣಿ ಕಿರ್ ಎಂದಿರಲಿಲ್ಲ.

"ಗೆದ್ದಿದ್ದೇ ತಪ್ಪಾಯ್ತಾ?"

"ತಪ್ಪು ನಂದು. ಹತ್ತರಲ್ಲಿ ಒಂದಾದ್ರೂ ಸೋಲಲೇಬೇಕು, ಇಲ್ಲಾಂದ್ರೆ ಯಾರೂ ಧೈರ್ಯ ಮಾಡಿಲ್ಲ ಅಂತ ಅರ್ಥ ಅಂತ ನಿಯಮ ಬರೆದವನೇ ನಾನು. ಆಗ ಎಲ್ಲರೂ ಚಪ್ಪಾಳೆ ತಟ್ಟಿದ್ರು. ಈಗ ಹತ್ತೂ ಗೆದ್ದು ಕೂತಿವೆ. ಮುಂದಿನ ವರ್ಷ ಯೋಜನೇನೇ ಬೇಡ ಅಂತಿದಾರೆ ಮೇಲಿನವರು. ಒಂದು ವೋಚರಿಗೆ ಎರಡು ಪ್ರಯೋಗ ಅಲ್ವಾ, ಕೊನೇದೇ ಲೆಕ್ಕಕ್ಕೆ ಬರೋದು. ನಿಮ್ಮದು ಇನ್ನೊಂದು ಬಾಕಿ ಇದೆ."

"ಉಳಿದ ಒಂಬತ್ತು ಜನಾನ ಕೇಳಿದ್ರಾ?"

"ಕೇಳ್ದೆ. ಬೀಗದವನು ಒಳಗಿಂದ ಬೀಗ ಹಾಕ್ಕೊಂಡ. ಬ್ರೆಡ್ ಮಾಡೋಳು ಒಂದು ಬ್ರೆಡ್ ಕೊಟ್ಟು ಸಾಗಹಾಕಿದಳು."

"ನಮ್ಮತ್ತೆ ಈ ಕೆಲಸ ಕಲಿಸೋವಾಗ ಒಂದೇ ಮಾತು ಹೇಳಿದ್ದು," ಎಂದು ಅವಳು ಮತ್ತೆ ಉಳಿ ಎತ್ತಿಕೊಂಡಳು. "ಏಣಿ ಮಾಡೋರು ಸುಳ್ಳು ಹೇಳಿದ್ರೆ ಬೀಳೋರು ಬೇರೆಯವರು. ಹೋಗಿ ಬನ್ನಿ."

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಏಣಿಯವಳ ತಂಗಿ ಬಾಗಿಲಿಗೆ ಬಂದಳು, ಹೆಗಲ ಮೇಲೆ ಅರ್ಧ ಹೊಲಿದ ಅಂಗಿ. ಅವಳ ಗಂಡ ಗಿರಣಿಯಲ್ಲಿ ಬಲಗೈ ಕಳೆದುಕೊಂಡವನು; ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳಬಹುದಾದ ಅಂಗಿಯೊಂದನ್ನು ಎರಡು ವರ್ಷದಿಂದ ಹೊಲಿದು ಬಿಚ್ಚುತ್ತಿದ್ದಳು. ಮುಂದಿನ ವರ್ಷದ ವೋಚರ್ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು.

"ಅಕ್ಕಾ, ಅದನ್ನ ಯಾರೂ ಹತ್ತದ ಹಾಗೆ ನೋಡ್ಕೊಳೋಣ. ನನಗೋಸ್ಕರ ಒಂದೇ ಒಂದು ಕೆಟ್ಟ ಏಣಿ ಮಾಡು."

ತಂಗಿಗೆ ಅಕ್ಕ ಎಂದೂ ಇಲ್ಲ ಎಂದವಳಲ್ಲ. ಬಂದ ಕೆಲಸವನ್ನೆಲ್ಲ ಹಿಂದೆ ಕಳಿಸಿ ಮುರಿಯುವ ಏಣಿಗೆ ಕೂತಳು. ಗಂಟುಗಂಟಾದ ಮರವನ್ನೇ ಆರಿಸಿದಳು. ಕೈ ಮಾತ್ರ ತಾನಾಗಿಯೇ ಗಂಟನ್ನು ಭಾರ ಬೀಳದ ಕಡೆಗೆ ತಿರುಗಿಸಿತು. ಬೆಣೆ ಹೊಡೆಯಲೇಬಾರದೆಂದು ಕೊಡತಿಯನ್ನು ತಂಗಿಯ ವಶಕ್ಕೆ ಕೊಟ್ಟಳು. ತುಸು ಹೊತ್ತು ಬಿಟ್ಟು ತಂಗಿ ಇಣುಕಿದರೆ, ಅಕ್ಕ ಕಲ್ಲು ತಗೊಂಡು ಹೊಡೆಯುತ್ತಿದ್ದಳು. ಮೊದಲನೆಯ ಏಣಿ ಗಟ್ಟಿಯಾಯಿತು. ಎರಡನೆಯದು ಇನ್ನೂ ಗಟ್ಟಿಯಾಯಿತು. ಮೂರನೆಯದನ್ನು ಕಣ್ಣು ಮುಚ್ಚಿಕೊಂಡೇ ಜೋಡಿಸಿದಳು. ಮೂವತ್ತು ವರ್ಷ ಬೈದು ತಿದ್ದಿದ ಕೈ ಈಗ ಒಂದು ಮಾತೂ ಕೇಳದು.

ಎಂಟನೆಯ ದಿನ ಅಧಿಕಾರಿಯ ಜೊತೆ ಮೇಲಿನ ಕಚೇರಿಯ ಪರಿಶೀಲಕಿ ಬಂದಳು. ಮೂರನೆಯ ಏಣಿಗೆ ಆರು ಮೂಟೆ ನೇತುಹಾಕಿಸಿದಳು. ಏನೂ ಆಗಲಿಲ್ಲ. ಎಂಟಾಯಿತು, ಹತ್ತಾಯಿತು. ಅಧಿಕಾರಿಯ ಮುಖ ಸುಣ್ಣ ಬಳಿದಂತಾಯಿತು.

"ಇದೂ ಗೆದ್ದ ಹಾಗೇ," ಎಂದು ಪರಿಶೀಲಕಿ ಪೆನ್ನು ತೆಗೆದಳು.

"ಇಲ್ಲಮ್ಮ, ನಾನು ಸೋತೆ," ಎಂದಳು ಏಣಿಯವಳು.

"ಅಂದ್ರೆ? ನೀವು ಮಾಡೋಕೆ ಹೊರಟಿದ್ದೇನು?"

"ಮುರಿಯೋ ಏಣಿ."

"ಮಾಡೋಕಾಯ್ತಾ?"

"ಮೂರು ಸಲ ನೋಡ್ದೆ. ಬರಲಿಲ್ಲ." ಅಷ್ಟು ಹೇಳಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಡಿದ ಕೆಲಸ ಕೈಗೆ ಬರಲಿಲ್ಲವೆಂದು ಅವಳು ಇನ್ನೊಬ್ಬರೆದುರು ಹೇಳಿದ್ದು ಅದೇ ಮೊದಲು. ಕಣ್ಣೀರು ನಿಜವಾದದ್ದೆಂದು ಪರಿಶೀಲಕಿಗೂ ಗೊತ್ತಾಯಿತು. 'ಪ್ರಯತ್ನ: ಪ್ರಾಮಾಣಿಕ. ಫಲಿತಾಂಶ: ಸೋಲು' ಎಂದು ಬರೆದು ಮೊಹರು ಒತ್ತಿದಳು. ತಂಗಿ ಅಕ್ಕನನ್ನು ತಬ್ಬಿಕೊಂಡಳು. ಅಧಿಕಾರಿ ಯಾರನ್ನು ತಬ್ಬಿಕೊಳ್ಳುವುದೆಂದು ತಿಳಿಯದೆ ಮರಳಿನ ಮೂಟೆಯನ್ನು ತಟ್ಟಿದ.

ಪರಿಶೀಲಕಿ ಪುಟ ತಿರುವಿದಳು. "ನಿಯಮ ಹನ್ನೆರಡು. ಸೋತ ವಸ್ತುವನ್ನು, ಸಾರ್ವಜನಿಕರಿಗೆ ಅಪಾಯವಾಗದಂತೆ, ಸ್ಥಳದಲ್ಲೇ ನಾಶಪಡಿಸತಕ್ಕದ್ದು. ಇದನ್ನ ಬರೆದೋರು ಯಾರು?"

"ನಾನೇ," ಎಂದು ಅಧಿಕಾರಿ ಸುತ್ತಿಗೆ ಎತ್ತಿಕೊಂಡ.

ಮೊದಲ ಏಟಿಗೆ ಸುತ್ತಿಗೆಯ ಹಿಡಿ ಮುರಿಯಿತು. ಪರಿಶೀಲಕಿ ಕೋಟು ಬಿಚ್ಚಿಟ್ಟು ಒಂದು ತುದಿ ಹಿಡಿದಳು, ತಂಗಿ ಇನ್ನೊಂದು ತುದಿ, ಅಧಿಕಾರಿ ನಡುವೆ. ಮೂವರೂ ಸೇರಿ ಏಣಿಯನ್ನು ಎತ್ತೆತ್ತಿ ಅಂಗಳದ ಚಪ್ಪಡಿಗೆ ಅಪ್ಪಳಿಸಿದರು. ಚಪ್ಪಡಿ ಬಿರುಕು ಬಿಟ್ಟಿತು. ಏಣಿ ಮಾಡಿದವಳು ಗೋಡೆ ಕಡೆ ಮುಖ ಮಾಡಿ, ಬಾಯಿಗೆ ಅಂಗೈ ಒತ್ತಿ ನಿಂತಿದ್ದಳು. ಪಾಪ ಅಳುತ್ತಿದ್ದಾಳೆಂದು ಅಧಿಕಾರಿ ಅಂದುಕೊಂಡ; ಅವಳ ಹೆಗಲೆರಡೂ ಕುಣಿಯುತ್ತಿದ್ದವು.

ಒಂದು ಗಂಟೆಯ ಮೇಲೆ ಪರಿಶೀಲಕಿ ಬೆವರು ಒರೆಸಿಕೊಳ್ಳುತ್ತ ಅದೇ ಏಣಿಯ ಮೇಲೆ ಕುಸಿದು ಕೂತಳು.

"ಇಷ್ಟು ಗಟ್ಟಿ ಸೋಲನ್ನ ನನ್ನ ಸರ್ವಿಸಿನಲ್ಲೇ ನೋಡಿಲ್ಲ," ಎಂದಳು.